ಒಣಗದ ಎಣ್ಣೆ

ಸಿಂಗಟಗೆರೆಯ ಶಿವಕುಮಾರ ಈಗ ಕಡೂರಿಗೆ ಬಂದರೆ ನನ್ನ ಅಂಗಡಿಯ ಮುಂದೆ ಹಾಯುವುದಿಲ್ಲ. ರಸ್ತೆ ದಾಟಿ ಆಚೆ ಬದಿಯಲ್ಲಿ ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ನನ್ನ ಮೇಲೆ ಸಿಟ್ಟಿಲ್ಲ ಅವನಿಗೆ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು, ಎದುರು ನಿಂತು ನಾಲ್ಕು ಮಾತು ಬೈದುಕೊಂಡು, ಒಂದು ಟೀ ಕುಡಿದು ಮುಗಿಸಬಹುದಿತ್ತು. ತನ್ನ ಕೈ ಹೋಯಿತು, ಇಪ್ಪತ್ತು ವರ್ಷ ಗಿಟಾರ್ ನುಡಿಸಿದ ಬೆರಳು ಇನ್ನು ಕೆಲಸಕ್ಕೆ ಬಾರವು ಎಂದು ನಂಬಿಕೊಂಡು ಕುಗ್ಗಿಹೋಗಿದ್ದಾನೆ. ಅದು ಸುಳ್ಳು. ಸುಳ್ಳೆಂದು ಗೊತ್ತಿರುವವನು ನಾನೊಬ್ಬನೇ. ಗೊತ್ತಿದ್ದೂ ಬಾಯಿ ಬಿಡದೆ ಕೂತಿದ್ದೇನೆ.

ನಾನು ಧರ್ಮೇಶ್. ಕಡೂರಿನಲ್ಲಿ ಶಾಮಿಯಾನ, ಮೈಕ್‌ಸೆಟ್ಟು, ಆರ್ಕೆಸ್ಟ್ರಾ ಮೂರನ್ನೂ ನಡೆಸುವವನು. ಶಿವನೂ ನಾನೂ ಪಿಯುಸಿಯಲ್ಲಿ ಒಂದೇ ಬೆಂಚು, ಒಂದೇ ವರ್ಷ ಇಬ್ಬರೂ ನಪಾಸು. ನಾನು ಮೈಕು ಬಾಡಿಗೆಗೆ ಕೊಡಲು ಶುರು ಮಾಡಿದೆ, ಅವನು ಗಿಟಾರ್ ಕಲಿಯಲು ಹೊರಟ. ಅವನ ಅಪ್ಪ ಹೊನ್ನಯ್ಯ ಎರಡು ಟಗರು ಮಾರಿ ಗಿಟಾರ್ ಕೊಡಿಸಿದ್ದ. ಊರವರು ನಕ್ಕರು. ಹೊನ್ನಯ್ಯ ಮಾತ್ರ, ಬಿತ್ತನೆಯ ಹೊಸ ಕೂರಿಗೆ ಮನೆಗೆ ಬಂದಾಗ ಮಾಡುವ ಹಾಗೆಯೇ, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಒಂದು ದಿನ ದೇವರ ಮುಂದೆ ಇಟ್ಟು ಆಮೇಲೆ ಮಗನ ಕೈಗೆ ಕೊಟ್ಟ.

ಅವತ್ತಿನಿಂದ ಶಿವಕುಮಾರ ಊರಿಗೆಲ್ಲ ಗಿಟಾರ್ ಶಿವ. ಬೆಳಿಗ್ಗೆ ತೆಂಗಿನ ತೋಟದಲ್ಲಿ ಮಟ್ಟೆ ಎಳೆದು, ರಾಗಿ ಹೊಲ ಸುತ್ತಿ, ಮಧ್ಯಾಹ್ನದ ಬಸ್ಸಿಗೆ ಗಿಟಾರ್ ಹೆಗಲಿಗೇರಿಸಿ ಬಂದುಬಿಡುತ್ತಿದ್ದ. ಬೀರೂರು, ತರೀಕೆರೆ, ಅಜ್ಜಂಪುರ, ಎಲ್ಲಿ ಗಣಪತಿ ಕೂರಿಸಲಿ, ಯಾರ ಮದುವೆಯಾಗಲಿ, ವೇದಿಕೆಯ ಎಡಗಡೆ ಮೂಲೆಯಲ್ಲಿ ಡ್ರಮ್ಮಿನ ಹಿಂದೆ ಒಂದು ಕಂದು ಅಂಗಿ ನಿಂತಿರುತ್ತಿತ್ತು. ಜನರ ಮುಖ ನೋಡುತ್ತಿರಲಿಲ್ಲ. ಹಾಡಿನ ಎರಡು ಸಾಲಿನ ನಡುವೆ ಬರುವ ಸಣ್ಣ ಸಣ್ಣ ತುಂಡುಗಳೇ ಅವನ ಪ್ರಾಣ. ಅವನ್ನು ನುಡಿಸುವಾಗ ಕೆಳತುಟಿ ಕಚ್ಚಿಕೊಳ್ಳುತ್ತಿದ್ದ, ನುಡಿಸಿ ಮುಗಿದ ಮೇಲೆ ಒಂದು ಸಲ ನನ್ನ ಕಡೆ ನೋಡುತ್ತಿದ್ದ. ನಾನು ಮಿಕ್ಸರಿನ ಹಿಂದಿನಿಂದ ತಲೆಯಾಡಿಸಿದರೆ ಸಾಕು, ಅವನಿಗೆ ಅಷ್ಟೇ ಸನ್ಮಾನ.

ಮದುವೆಯಾಗಲಿಲ್ಲ. ಹೆಣ್ಣಿನ ಕಡೆಯವರು ಬಂದರು, ಉಪ್ಪಿಟ್ಟು ತಿಂದರು, ಹುಡುಗ ಏನು ಮಾಡುತ್ತಾನೆ ಎಂದು ಕೇಳಿದರು. ತೋಟ ಇದೆ ಎಂದರೆ ಸಾಕಿತ್ತು. ಇವನು ಗಿಟಾರ್ ಬಾರಿಸ್ತೀನಿ ಎನ್ನುತ್ತಿದ್ದ. ನಾನು ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ. "ಸುಳ್ ಯಾಕ್ ಹೇಳ್ಲಿ ಧರ್ಮೇಶ, ನಾನ್ ಮಾಡೋದು ಅದೇ ತಾನೆ" ಎನ್ನುತ್ತಿದ್ದ. ಹೊನ್ನಯ್ಯ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಇವನು ಮತ್ತು ಇವನ ತಾಯಿ ಹುಲಿಗೆಮ್ಮ.

ಹುಲಿಗೆಮ್ಮನ ಬಗ್ಗೆ ಒಂದು ಮಾತು ಹೇಳಲೇಬೇಕು. ಆಕೆಗೆ ಎಣ್ಣೆಯ ಹುಚ್ಚು. ಮನೆಯ ಕೊಬ್ಬರಿ, ಗಾಣದಿಂದ ತರಿಸಿದ ಎಣ್ಣೆ, ಒಂದು ಹಿತ್ತಾಳೆ ಗಿಂಡಿ, ಒಂದು ಮೆತ್ತನೆ ಬಟ್ಟೆ. ಲಟ್ಟಣಿಗೆ, ಒನಕೆ, ಬಾಗಿಲ ಚೌಕಟ್ಟು, ಮೊರ, ಯಾವುದನ್ನೂ ಒಣಗಲು ಬಿಡುವವಳಲ್ಲ. ಎತ್ತು ಮಾರಿ ಹದಿನೈದು ವರ್ಷವಾಯಿತು, ಉಳುಮೆಗೆ ಟ್ರ್ಯಾಕ್ಟರ್ ಬರುತ್ತದೆ, ಆದರೂ ಕೊಟ್ಟಿಗೆಯ ಗೋಡೆಗೆ ತೂಗು ಹಾಕಿದ ನೊಗಕ್ಕೆ ಈಗಲೂ ತಿಂಗಳಿಗೊಮ್ಮೆ ಎಣ್ಣೆ ತಿಕ್ಕುತ್ತಾಳೆ. "ನಿಮ್ಮಪ್ಪ ಕೆತ್ತಿದ್ದು, ಬಿರುಕು ಬಿಡಬಾರ್ದು" ಎನ್ನುತ್ತಾಳೆ. ಅದಕ್ಕೆ ಒಂದು ಬಿರುಕೂ ಇಲ್ಲ, ನಾನೇ ನೋಡಿದ್ದೇನೆ.

ಕೊರೊನಾ ಬಂದು ಎರಡು ವರ್ಷ ಕಾರ್ಯಕ್ರಮಗಳೆಲ್ಲ ನಿಂತವಲ್ಲ, ಆಗ ಶಿವ ಮಾಡಬಾರದ ಒಂದು ಕೆಲಸ ಮಾಡಿದ. ಗಿಟಾರನ್ನು ಇಲಿ ಮುಟ್ಟಬಾರದು ಎಂದು ಅಟ್ಟಕ್ಕೇರಿಸಿದ. ಅವರ ಅಟ್ಟದಲ್ಲಿ ಕೊಬ್ಬರಿಯಾಗಲು ಬಿಟ್ಟ ಕಾಯಿ ವರ್ಷಗಟ್ಟಲೆ ಬಿದ್ದಿರುತ್ತವೆ, ಕೆಳಗಿನ ಒಲೆಯ ಶಾಖ ನೇರ ಮೇಲಕ್ಕೆ ಹೊಡೆಯುತ್ತದೆ. ಇಳಿಸಿದಾಗ ಗಿಟಾರಿನ ಕತ್ತು, ಅದೇ ತಂತಿಗಳ ಕೆಳಗೆ ಎಡಗೈ ಓಡಾಡುವ ಆ ಉದ್ದನೆಯ ಮರದ ಪಟ್ಟಿ, ಬಿಲ್ಲಿನ ಹಾಗೆ ಬಾಗಿತ್ತು. ಆ ಎರಡು ವರ್ಷದಲ್ಲಿ ನಾನು ಲ್ಯಾಪ್‌ಟಾಪ್ ತಂದಿದ್ದೆ. ಡ್ರಮ್ಮು, ಕೀಬೋರ್ಡು, ಗಿಟಾರು ಎಲ್ಲ ಅದರಲ್ಲೇ ಬರುತ್ತವೆ. ಅದು ಬಸ್ಸು ತಪ್ಪಿಸಿಕೊಳ್ಳುವುದಿಲ್ಲ, ಊಟ ಕೇಳುವುದಿಲ್ಲ. ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ಬಿಟ್ಟೆ. ಶಿವನನ್ನು ಬಿಡಲು ಬಾಯಿ ಬರಲಿಲ್ಲ. ಬಾಗಿದ ಕತ್ತಿನಲ್ಲೇ ಹೇಗೋ ಸಾಗಿಸಿದ. ಕಡೆಗೆ ನಮ್ಮಲ್ಲಿ ಹಾಡುವ ತರೀಕೆರೆಯ ಸ್ಪಂದನಾ ಒಂದು ದಿನ ಅವನೆದುರೇ ಹೇಳಿದಳು: "ಧರ್ಮೇಶಣ್ಣ, ಗಿಟಾರ್ ಶ್ರುತಿ ನಿಲ್ತಿಲ್ಲ. ನಾನ್ ಹೆಂಗ್ ಹಾಡ್ಲಿ?"

ಅವತ್ತೇ ನಾನು ಷರತ್ತು ಹಾಕಿದೆ. ಅಜ್ಜಂಪುರದ ಹತ್ತಿರದ ಹಳ್ಳಿಯೊಂದರ ಹಾಲಿನ ಸೊಸೈಟಿಗೆ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಫೆಬ್ರವರಿಯಲ್ಲಿ ಹಗಲು ಹೊತ್ತಿನ ಕಾರ್ಯಕ್ರಮ, ಸುತ್ತಲ ಎಲ್ಲ ಸಂಘದವರೂ ಬರುವವರಿದ್ದರು. "ಅಲ್ಲಿ ಐದು ನಿಮಿಷ ನಿನ್ದೇ ಗಿಟಾರ್. ಚೆನ್ನಾಗ್ ಆದ್ರೆ ನಿನ್ ಜಾಗ ನಿಂದು, ನಾನ್ ಇರೋ ತಂಕ ಯಾರೂ ಕೇಳಲ್ಲ. ಇಲ್ದಿದ್ರೆ ಬಿಟ್ಬಿಡು ಕಣೋ, ನಂಗೂ ಸಾಕಾಯ್ತು" ಎಂದೆ. ಹೀಗೆ ಹೇಳುವಾಗ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಧಿಮಾಕು ಬೇರೆ ನನಗೆ. ಶಿವ "ಕತ್ತು ಬದ್ಲಾಯಿಸ್ತೀನಿ" ಎಂದ.

ಫೋನಿನಲ್ಲಿ ಹುಡುಕಿ ತರಿಸಿದೆವು. ಮೇಪಲ್ ಎಂಬ ಹೊರದೇಶದ ಮರದ ಕತ್ತು. ಪಾಲಿಶ್ ಆಗಿದ್ದೂ ಇತ್ತು, ಬರೀ ಕೊರೆದು ಬಿಟ್ಟ ಹಸಿ ಮರದ್ದೂ ಇತ್ತು. ಹಸಿಯದನ್ನೇ ತರಿಸು, ಪಾಲಿಶ್ ನಾವೇ ಮಾಡಿದರಾಯಿತು ಎಂದವನು ನಾನು. ಪಾರ್ಸೆಲ್ ನನ್ನ ಅಂಗಡಿಗೇ ಬಂತು. ಬಿಚ್ಚಿದಾಗ ಸುಲಿದ ಕಬ್ಬಿನ ಬಣ್ಣ, ಒಂದು ಕಲೆಯಿಲ್ಲ. ಶಿವ ಮುಟ್ಟುವ ಮೊದಲು ಪ್ಯಾಂಟಿಗೆ ಕೈ ಒರೆಸಿಕೊಂಡ. ಹಸಿ ಮರವನ್ನು ಹಾಗೇ ನುಡಿಸಿದರೆ ಕೈಯ ಬೆವರು ಕುಡಿದು ಕಪ್ಪಾಗಿ ಬಾಗುತ್ತದಂತೆ. ಅದಕ್ಕೆ ಅಗಸೆ ಎಣ್ಣೆ ಕುಡಿಸಬೇಕು. ಅಗಸೆ ಎಣ್ಣೆ ಗಾಳಿಗೆ ಒಣಗಿ ಮರದೊಳಗೇ ಗಟ್ಟಿಯಾಗುತ್ತದೆ, ಕೈ ನುಣ್ಣಗೆ ಜಾರುತ್ತದೆ. ಕಡೂರಿನ ಪೇಂಟ್ ಅಂಗಡಿಯಿಂದ ಒಂದು ಡಬ್ಬಿ ಕೊಂಡು, ಫೋನಿನಲ್ಲಿ ನೋಡಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡ. ಮರಳು ಕಾಗದ ಹಾಕಿ ಉಜ್ಜು, ಎಣ್ಣೆ ಹಚ್ಚು, ಕಾಲು ಗಂಟೆ ಬಿಡು, ಒಣ ಬಟ್ಟೆಯಲ್ಲಿ ಪೂರ್ತಿ ಒರೆಸು, ಒಂದು ದಿನ ಗಾಳಿಗೆ ತೂಗು ಹಾಕು. ಹೀಗೆ ಐದು ಸಲ. ಆಮೇಲೆ ಒಂದು ವಾರ ಮುಟ್ಟಬೇಡ. ಕಾರ್ಯಕ್ರಮಕ್ಕೆ ಮೂರು ವಾರವಿತ್ತು. ಬೇಕಾದಷ್ಟು ಸಮಯ.

ಮೊದಲ ಸಲ ಎಣ್ಣೆ ಹಚ್ಚಿದ ದಿನ ನಾನೂ ಸಿಂಗಟಗೆರೆಗೆ ಹೋಗಿದ್ದೆ. ನಡುಮನೆಯಲ್ಲಿ ಚಾಪೆಯ ಮೇಲೆ ಕೂತು, ಕತ್ತನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಟ್ಟೆಯ ತುಂಡಿನಿಂದ ತುದಿಯಿಂದ ತುದಿಗೆ ಮೆಲ್ಲಗೆ ಎಳೆದ. ಬಿಳಿ ಮರದೊಳಗೆ ಇದ್ದೂ ಕಾಣದಿದ್ದ ಗೆರೆಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಜೇನು ಬಣ್ಣ. ಇಪ್ಪತ್ತು ವರ್ಷದಲ್ಲಿ ಅವನ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ. ಹುಲಿಗೆಮ್ಮ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಅವನು ಎಲ್ಲ ಒರೆಸಿ, ದಾರ ಕಟ್ಟಿ, ತೊಲೆಗೆ ತೂಗು ಹಾಕಿದ.

"ಹಚ್ಚಿದ್ದೆಲ್ಲಾ ಒರೆಸ್ಬಿಟ್ಯಲ್ಲೋ!" ಎಂದಳು.

"ಒಣಗ್ಬೇಕು ಕಣವ್ವ. ಒಣಗಿದ್ರೇನೇ ಅಜ್ಜಂಪುರ. ಇಲ್ದಿದ್ರೆ ನನ್ ಕತೆ ಮುಗೀತು" ಎಂದು ಶಿವ ಕೈ ತೊಳೆಯಲು ಹಿತ್ತಿಲಿಗೆ ಹೋದ.

ಹುಲಿಗೆಮ್ಮ ನನ್ನ ಹತ್ತಿರ ಬಂದಳು. "ಮರಾನ ಒಣಗಿಸ್ತೀನಿ ಅಂತಾನಲ್ಲೋ ಧರ್ಮ. ಹಳೇದು ಅಟ್ಟದಲ್ಲಿ ಒಣಗೇ ಅಲ್ವಾ ಕೆಟ್ಟಿದ್ದು? ಇದೂ ಬಿರುಕು ಬಿಟ್ರೆ?"

"ಅವ್ವ, ಇದು ಗಿಟಾರು, ನೊಗ ಅಲ್ಲ" ಎಂದು ನಾನು ನಕ್ಕೆ. ಅಷ್ಟೇ ಹೇಳಿದ್ದು. ಕೂರಿಸಿಕೊಂಡು ಎರಡು ನಿಮಿಷ ವಿವರಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆಗ ನನಗೆ ನಗು ಬಂತು, ನಕ್ಕೆ.

ನಾಲ್ಕನೇ ದಿನ ಫೋನು. "ಧರ್ಮೇಶ, ಇನ್ನೂ ಜಿಗುಟು ಕಣೋ." ಜಾಸ್ತಿ ಹಚ್ಚಿದೀಯ, ಚೆನ್ನಾಗಿ ಒರೆಸು ಎಂದೆ. ಏಳನೇ ದಿನ ಮತ್ತೆ ಫೋನು. ಸಂಜೆ ಒರೆಸಿ ತೂಗು ಹಾಕಿದರೆ ಬೆಳಿಗ್ಗೆ ಪರವಾಗಿಲ್ಲ ಅನಿಸುತ್ತದೆ, ತೋಟದಿಂದ ಮಧ್ಯಾಹ್ನ ಬಂದು ಮುಟ್ಟಿದರೆ ಬೆರಳು ಅಂಟುತ್ತದೆ. ಪೇಂಟ್ ಅಂಗಡಿಯವನ ಎಣ್ಣೆಯೇ ಸರಿಯಿಲ್ಲ ಎಂದು ನಾನು ತೀರ್ಮಾನ ಮಾಡಿ, ಶಿವನನ್ನೂ ಕರೆಸಿಕೊಂಡು ಹೋಗಿ ಜಗಳ ಆಡಿದೆ. ಪಾಪ, ಆ ಮನುಷ್ಯ ನಮ್ಮೆದುರೇ ಒಂದು ಹಲಗೆ ಚೂರಿಗೆ ಅದೇ ಎಣ್ಣೆ ಹಚ್ಚಿಟ್ಟ. ಮಾರನೇ ದಿನ ಹೋಗಿ ನೋಡಿದರೆ ಒಣಗಿತ್ತು.

"ಹಂಗಾದ್ರೆ ನಾನೇ ಸರ್ಯಾಗ್ ಮಾಡ್ತಿಲ್ಲ" ಎಂದ ಶಿವ. ಅಂಗಡಿಯ ಮೆಟ್ಟಿಲ ಮೇಲೆ ಕೂತು ತನ್ನ ಅಂಗೈಯನ್ನೇ ನೋಡಿಕೊಂಡ. ಅವನಿಗೆ ತನ್ನ ಕೈಯ ಮೇಲೆ ಅನುಮಾನ ಹುಟ್ಟಿದ್ದು ಅವತ್ತು, ಅಲ್ಲಿ.

ಹಚ್ಚಿದ್ದನ್ನೆಲ್ಲ ಮರಳು ಕಾಗದದಿಂದ ಉಜ್ಜಿ ತೆಗೆದು ಮೊದಲಿನಿಂದ ಶುರು ಮಾಡಿದ. ಎರಡು ದಿನ ಒರಟು ಕಾಗದ, ಒಂದು ದಿನ ನಯದ್ದು. ಬೆರಳ ತುದಿಯ ಸಿಪ್ಪೆ ಎದ್ದಿತ್ತು. ಮತ್ತೆ ಮೂರು ಸಲ ಎಣ್ಣೆ. ಮತ್ತೆ ಅದೇ ಜಿಗುಟು. ಕಾರ್ಯಕ್ರಮಕ್ಕೆ ನಾಲ್ಕು ದಿನ ಉಳಿದಾಗ ಇನ್ನು ಕಾಯುವಂತಿರಲಿಲ್ಲ, ಕತ್ತನ್ನು ಗಿಟಾರಿಗೆ ಸ್ಕ್ರೂ ಹಾಕಿ ಕೂರಿಸಿ ತಂತಿ ಕಟ್ಟಿ ಅದರ ಚೀಲದಲ್ಲಿಟ್ಟ. ಮುಟ್ಟಿದರೆ ಹಿಂದಿಗಿಂತ ವಾಸಿ ಎಂದು ಫೋನಿನಲ್ಲಿ ಹೇಳಿದ. ಅವನ ದನಿಯಲ್ಲಿ ಆಸೆ ಇತ್ತು, ಅದನ್ನು ಕೇಳಿ ನನಗೂ ಆಸೆಯಾಯಿತು.

ಕಾರ್ಯಕ್ರಮದ ದಿನ ಬೆಳಿಗ್ಗೆ ಚಳಿ. ನನ್ನ ವ್ಯಾನಿನಲ್ಲಿ ಸಿಂಗಟಗೆರೆಗೆ ಹೋಗಿ ಇಬ್ಬರನ್ನೂ ಹತ್ತಿಸಿಕೊಂಡೆ. ಹುಲಿಗೆಮ್ಮ ಮಗನ ಕಾರ್ಯಕ್ರಮಕ್ಕೆ ಎಂದೂ ಬಂದವಳಲ್ಲ. ಹಗಲು ಹೊತ್ತಲ್ವಾ, ಬತ್ತೀನಿ ಎಂದು ಹಸಿರು ಸೀರೆ ಉಟ್ಟು ನಿಂತಿದ್ದಳು. ಶಿವನ ಕಂದು ಅಂಗಿಗೆ ಇಸ್ತ್ರಿ ಬಿದ್ದಿತ್ತು. ದಾರಿಯುದ್ದಕ್ಕೂ ಗಿಟಾರಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ.

ಅಲ್ಲಿ ಹೋಗಿ ಒಂದು ಸಲ ನುಡಿಸಿ ನೋಡೋಣವೆಂದರೆ ಭಾಷಣ ಆಗಲೇ ಶುರುವಾಗಿತ್ತು. ಸಂಘದ ಅಧ್ಯಕ್ಷರು, ಹಿಂದಿನ ಅಧ್ಯಕ್ಷರು, ಅದರ ಹಿಂದಿನವರು. ಹಾಲಿನ ಕೊಬ್ಬಿನಂಶದ ಬಗ್ಗೆಯೇ ಮುಕ್ಕಾಲು ಗಂಟೆ. ಹನ್ನೆರಡೂವರೆಯಾಯಿತು, ಶಾಮಿಯಾನದ ಕೆಳಗೆ ಕುಲುಮೆ. ಸ್ಪಂದನಾ ಪ್ರಾರ್ಥನೆ ಹಾಡಿ ಇಳಿದಳು. ಶಿವನ ಹೆಸರು ಕೂಗಿದರು. ಅವನು ಚೀಲ ಬಿಚ್ಚಿ ಗಿಟಾರ್ ಹಾಕಿಕೊಂಡು ನೇರ ವೇದಿಕೆ ಹತ್ತಿದ. ಈ ಸಲ ಮೂಲೆಯಲ್ಲಲ್ಲ, ನಡುವೆ.

ತಾಳ, ಕೀಬೋರ್ಡು ಲ್ಯಾಪ್‌ಟಾಪಿನಿಂದ ಬರಬೇಕು, ಗಿಟಾರ್ ಮಾತ್ರ ಅವನದು. ಅವನು ಆರಿಸಿಕೊಂಡಿದ್ದ ಹಳೆಯ ಚಿತ್ರಗೀತೆಯ ಗಿಟಾರೂ ಲ್ಯಾಪ್‌ಟಾಪಿನಲ್ಲಿತ್ತು, ಯಾರೋ ಎಲ್ಲೋ ನುಡಿಸಿದ್ದು. ಇರಲಿ ಎಂದು ಮಿಕ್ಸರಿನಲ್ಲಿ ಅದರ ದನಿಯ ಗುಂಡಿಯನ್ನು ಕೆಳಗೆ ಇಳಿಸಿ ಇಟ್ಟುಕೊಂಡಿದ್ದೆ.

ಮೊದಲ ಸಾಲು ಚೆನ್ನಾಗಿಯೇ ಬಂತು. ಎರಡನೆಯದರಲ್ಲಿ ಕೈ ಮೇಲಿನಿಂದ ಕೆಳಕ್ಕೆ ಜಾರಬೇಕಾದ ಕಡೆ ಹೆಬ್ಬೆರಳು ಅಂಟಿ ನಿಂತಿತು. ಅಪಸ್ವರ. ಮತ್ತೊಮ್ಮೆ ಜಾರಿಸಲು ಹೋದ, ಈ ಸಲ ಬೆರಳು ತಂತಿಯ ಮೇಲಿಂದ ಸರಿದು ಪಕ್ಕಕ್ಕೆ ಬಿತ್ತು. ಎಡಗೈಯನ್ನು ಅಂಗಿಗೆ ಒರೆಸಿಕೊಂಡ, ಅಂಗಿಯ ಮೇಲೆ ಎಣ್ಣೆಯ ಪಟ್ಟೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಧ್ಯಕ್ಷರು ತಿರುಗಿ ನನ್ನ ಕಡೆ ನೋಡಿದರು. ಶಿವನ ಹಣೆಯಿಂದ ಬೆವರು ಇಳಿಯುತ್ತಿತ್ತು, ಮೂರನೇ ಸಾಲು ಹತ್ತಿರ ಬರುತ್ತಿತ್ತು, ಅದೇ ಎಲ್ಲಕ್ಕಿಂತ ಕಷ್ಟದ ಸಾಲು.

ನಾನು ಅವನ ಗಿಟಾರಿನ ಗುಂಡಿಯನ್ನು ಪೂರ್ತಿ ಇಳಿಸಿ ಲ್ಯಾಪ್‌ಟಾಪಿನ ಗಿಟಾರನ್ನು ಏರಿಸಿದೆ.

ದನಿ ಒಂದೇ ಸಲ ತಿಳಿಯಾಯಿತು. ಜನ ಶಿಳ್ಳೆ ಹಾಕಿದರು. ಶಿವನಿಗೆ ಗೊತ್ತಾಗಲು ಒಂದು ಕ್ಷಣವೂ ಬೇಕಾಗಲಿಲ್ಲ, ತಲೆಯೆತ್ತಿ ನನ್ನನ್ನು ನೋಡಿದ. ನಾನು ಲ್ಯಾಪ್‌ಟಾಪಿನ ಪರದೆ ನೋಡುತ್ತಾ ಕೂತೆ. ಅವನು ಕೈ ನಿಲ್ಲಿಸುವಂತಿರಲಿಲ್ಲ, ಇನ್ನೂರು ಜನ ನೋಡುತ್ತಿದ್ದರು. ದನಿಯಿಲ್ಲದ ತಂತಿಗಳ ಮೇಲೆ ಬೆರಳಾಡಿಸುತ್ತಾ ಹಾಡು ಮುಗಿಯುವವರೆಗೂ ನಿಂತ. ಮುಗಿದ ಮೇಲೆ ನನ್ನ ಕಡೆ ತಿರುಗಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷರೇ ಶಾಲು ಹೊದಿಸಿದರು.

ಊಟದ ಸಾಲಿನಲ್ಲಿ ಹುಲಿಗೆಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ಕಣ್ಣು ಒದ್ದೆಯಾಗಿತ್ತು, ಮುಖದ ತುಂಬ ನಗು. "ನೋಡ್ದೇನಪ್ಪಾ ನನ್ ಮಗನ್ನ? ಮೊದ್ಲು ಹೆದ್ರಿಕೊಂಡ, ಆಮೇಲ್ ಹೆಂಗ್ ಬಾರ್ಸ್ದ! ಇವ್ರಪ್ಪ ಇರ್ಬೇಕಿತ್ತು ಕಣೋ."

"ಹೂಂ ಅವ್ವ" ಎಂದೆ.

ಆಕೆ ಆಚೀಚೆ ನೋಡಿ ದನಿ ತಗ್ಗಿಸಿದಳು. "ನಿಂಗೊಂದ್ ಹೇಳ್ತೀನಿ, ಅವ್ನಿಗ್ ಹೇಳ್ಬ್ಯಾಡ, ಬೈತಾನೆ. ಅದೇನೋ ಪ್ಯಾಟೆ ಎಣ್ಣೆ ಹಚ್ಚಿ ಒರೆಸಿ ಒರೆಸಿ ಆ ಮರಾನ ಒಣಗಿಸ್ತಿದ್ದ. ಹೊಟ್ಟೆ ಉರೀತಿತ್ತು ನಂಗೆ. ಅವ್ನು ತೋಟಕ್ ಹೋದ್ಮೇಲೆ ದಿನಾ ನಾನೇ ಇಳ್ಸಿ ಮನೆ ಕೊಬ್ರಿ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ತೂಗಾಕ್ತಿದ್ದೆ. ಇವತ್ತೂ ಅಷ್ಟೇ, ಅವ್ನು ನೀರು ಹುಯ್ಕಳಕ್ ಹೋದಾಗ ಚೀಲ ಬಿಚ್ಚಿ, ತಲೆಗೆ ಹಚ್ಚಂಗೆ ಬುಡದಿಂದ ತುದಿ ತಂಕ ಹಚ್ಚಿ ಕಳಿಸ್ದೆ. ಅದಕ್ಕೇ ನೋಡು, ಅಷ್ಟ್ ನುಣ್ಣಗ್ ಬಂತು."

ಅನ್ನ ಹಾಕುವವನು ನನ್ನ ತಟ್ಟೆಗೆ ಬಡಿಸಿ ಮುಂದೆ ಹೋದ. ಕೊಬ್ಬರಿ ಎಣ್ಣೆ ಬೆಳಗಿನ ಚಳಿಗೆ ಹೆಪ್ಪುಗಟ್ಟುತ್ತದೆ, ಬಿಸಿಲಿಗೆ ಕರಗುತ್ತದೆ, ಒಣಗುವುದೆಂಬುದು ಮಾತ್ರ ಅದಕ್ಕಿಲ್ಲ. ಅಗಸೆ ಎಣ್ಣೆಯನ್ನೂ ಒಣಗಲು ಬಿಡುವುದಿಲ್ಲ. ಅದರ ವಾಸನೆಯಾದರೂ ಶಿವನಿಗೆ ಬರಬೇಡವೇ ಎಂದು ನೀವು ಕೇಳಬಹುದು. ಆ ಮನೆಯ ಗೋಡೆ, ಹಾಸಿಗೆ, ಅವನ ತಲೆಗೂದಲು ಎಲ್ಲವೂ ಅದೇ ವಾಸನೆ. ತೆಂಗಿನ ಮನೆಯವರ ಮೂಗಿಗೆ ಅದು ಹತ್ತುವುದೇ ಇಲ್ಲ. ನನ್ನ ಮೂಗೂ ಅಂಥದ್ದೇ.

ವಾಪಸು ಬರುವಾಗ ವ್ಯಾನಿನ ಮುಂದಿನ ಸೀಟಿನಲ್ಲಿ ಮೂವರೂ ಕೂತಿದ್ದೆವು. ನಡುವೆ ಹುಲಿಗೆಮ್ಮ, ತೊಡೆಯ ಮೇಲೆ ಶಾಲು ಮತ್ತು ಪೇಡೆಯ ಪೊಟ್ಟಣ. ಬಹಳ ದೂರ ಬಂದ ಮೇಲೆ ಶಿವ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ: "ನೀನ್ ಮಾಡಿದ್ದು ಸರಿ ಕಣೋ ಧರ್ಮೇಶ. ನಿನ್ ಮರ್ಯಾದೆ ಉಳೀತು. ನನ್ ಕೈ ಹೋಯ್ತು."

"ಏನ್ ಹೋಯ್ತೋ?" ಎಂದಳು ಹುಲಿಗೆಮ್ಮ.

"ಏನಿಲ್ಲವ್ವ."

ನಾನು ಬಾಯಿ ತೆರೆದೆ. ನಿನ್ನ ಕೈಗೆ ಏನೂ ಆಗಿಲ್ಲವೋ ಎಂದು ಹೇಳಬೇಕಿತ್ತು. ಹೇಳಿದರೆ ಮತ್ತೇನಾಗಿತ್ತು ಎಂದು ಅವನು ಕೇಳುತ್ತಾನೆ. ಆಗ ನಮ್ಮಿಬ್ಬರ ನಡುವೆ ಪೇಡೆ ಹಿಡಿದು ಕೂತಿದ್ದ ಈ ಮುದುಕಿಯನ್ನು ತೋರಿಸಬೇಕು. ಚಪ್ಪಾಳೆ ಬಿದ್ದದ್ದು ಮಗನಿಗಲ್ಲ, ಮಗನ ಬಾಳನ್ನು ಕೆಡಿಸಿದ್ದು ನಿನ್ನ ಗಿಂಡಿ ಎಂದು ಆಕೆಗೆ ಹೇಳಬೇಕು. ನಾಳೆ ಅವನೊಬ್ಬನಿಗೇ ಹೇಳೋಣ ಎಂದುಕೊಂಡೆ. ಮಾರನೇ ದಿನವೂ ಹಾಗೇ ಅಂದುಕೊಂಡೆ. ಅವನಿಗೆ ಹೇಳಿದರೆ ಅವನು ತಾಯಿಯನ್ನು ಯಾವ ಕಣ್ಣಿನಿಂದ ನೋಡುತ್ತಾನೆ? ನೋಡದಿದ್ದರೆ ಆಕೆಗೆ ಇನ್ಯಾರಿದ್ದಾರೆ? ಹೀಗೆಲ್ಲ ನೆಪ ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ, ಕೇಳಿದ ಮೇಲೆ ಅವನು ಮತ್ತೆ ಗಿಟಾರ್ ಹಿಡಿದು ನನ್ನ ಅಂಗಡಿಗೆ ಬಂದು ನಿಲ್ಲುತ್ತಾನೆ, ಗುಂಡಿ ಇಳಿಸಿದ ಈ ಕೈಯನ್ನು ದಿನಾ ನೋಡುತ್ತಾನೆ ಎಂಬ ಭಯವೂ ಇದೆ.

ಹೋದ ವಾರ ಯಗಟಿಯ ಒಂದು ಮದುವೆಗೆ ಶಾಮಿಯಾನ ಇಳಿಸಿ ಬರುವಾಗ ಸಿಂಗಟಗೆರೆಗೆ ಹೋದೆ. ಏನೇ ಆಗಲಿ ಹೇಳಿಬಿಡಬೇಕು ಎಂದೇ ಹೋಗಿದ್ದೆ. ಶಿವ ಜಗಲಿಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದ, ಬಾ ಎಂದ. ಮೈ ಇಳಿದಿದೆ. ಒಳಗಿನಿಂದ ಹುಲಿಗೆಮ್ಮ ಗಿಟಾರನ್ನೇ ಎತ್ತಿಕೊಂಡು ಬಂದಳು. ಅವನು ಮುಟ್ಟುವುದಿಲ್ಲವಂತೆ, ಈಕೆ ಒಂದು ದಿನವೂ ತಪ್ಪಿಸಿಲ್ಲವಂತೆ. ಜೇನು ಬಣ್ಣದ ಮರ ಕಪ್ಪಗಾಗಿ, ಅದರ ಮೇಲೆಲ್ಲ ಧೂಳು ಕೂತು ಮೆತ್ತಿಕೊಂಡಿತ್ತು. "ಒಂದ್ ಬಿರುಕು ಬಿಟ್ಟಿಲ್ಲ ನೋಡು. ಇವತ್ತಲ್ಲ ನಾಳೆ ತಗಂಡು ಬಾರಿಸ್ತಾನೆ" ಎಂದಳು. ಆಮೇಲೆ ತನ್ನ ಫೋನು ನನ್ನ ಕೈಗೆ ಕೊಟ್ಟಳು. ಅಜ್ಜಂಪುರದವರು ಕಳಿಸಿದ ವಿಡಿಯೋ. ಹಾಕಲು ಆಕೆಗೆ ಬರುವುದಿಲ್ಲ, ಮನೆಗೆ ಬಂದವರ ಕೈಯಲ್ಲೆಲ್ಲ ಹಾಕಿಸಿ ನೋಡುತ್ತಾಳೆ.

ಹಾಕಿದೆ. ಮೊದಲ ತಪ್ಪು ಬಂತು, ಎರಡನೆಯದು ಬಂತು, ಆಮೇಲೆ ಯಾರೋ ಎಲ್ಲೋ ನುಡಿಸಿದ ಗಿಟಾರು ತಿಳಿಯಾಗಿ ಶುರುವಾಯಿತು. ಜಗಲಿಯಲ್ಲಿ ಕಾಯಿ ಸುಲಿಯುವ ಸದ್ದು ನಿಂತಿತು. ಶಿವ ಎದ್ದು, ಮಚ್ಚು ಅಲ್ಲೇ ಇಟ್ಟು ತೋಟದ ಕಡೆ ಹೊರಟುಹೋದ.

"ನೋಡ್ದಾ? ಇದು ಹಾಕಿದ್ರೆ ಸಾಕು, ಎದ್ದೋಗ್ತಾನೆ. ಯಾರಾದ್ರೂ ಹೊಗಳಿದ್ರೆ ಆಗಲ್ಲ ಅವ್ನಿಗೆ, ಚಿಕ್ಕೋನಿದ್ದಾಗಿಂದ್ಲೂ ಹಂಗೇ" ಎಂದು ಹುಲಿಗೆಮ್ಮ ನಕ್ಕಳು. ಬಟ್ಟೆಯನ್ನು ಗಿಂಡಿಯಲ್ಲಿ ಅದ್ದಿ, ಗಿಟಾರಿನ ಕತ್ತನ್ನು ತೊಡೆಯ ಮೇಲೆ ಎಳೆದುಕೊಂಡು ತಿಕ್ಕತೊಡಗಿದಳು. "ಇನ್ನೊಂದ್ ಸಲ ಹಾಕಪ್ಪಾ."

ನಾನು ಮತ್ತೆ ಹಾಕಿದೆ.